ಮೊದಲು ಧೂಳು, ಆಮೇಲೆ ಡ್ರೈವರ್

ಮುಂಬೈಯ ಉಪನಗರದಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ನನ್ನ ಮೇಜಿಗೆ ಹೊಸ ಯಂತ್ರ ಬರುವುದು ಕಡಿಮೆ. ಬರುವುದೆಲ್ಲ ಎಂಟು, ಹತ್ತು, ಹನ್ನೆರಡು ವರ್ಷ ದುಡಿದವು. ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲು ಹೊಡೆದದ್ದು, ಡೊಂಬಿವಲಿಯ ಹುಡುಗ ಕಾಲೇಜಿಗೆಂದು ಅಣ್ಣನಿಂದ ಪಡೆದದ್ದು, ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಕಂಪನಿ ಮಾಲು, ಕನ್ನಡ ಸಂಘಗಳ ಸ್ಮರಣಸಂಚಿಕೆಗೆ ಪುಟ ಕಟ್ಟುವವರದ್ದು. ಪುಟ ಕಟ್ಟುವವರ ಕಷ್ಟ ಬೇರೆಯೇ. ಅವರ ಹಳೆಯ ಯಂತ್ರದೊಳಗೆ ನುಡಿ, ಬರಹ, ಶ್ರೀಲಿಪಿ, ಪೇಜ್‌ಮೇಕರ್ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಎಷ್ಟೋ ವರ್ಷಗಳ ಬರಹ ಕೂತಿರುತ್ತದೆ. ಯಂತ್ರ ಬದಲಿಸಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಹಳೆಯದನ್ನೇ ಉಳಿಸಿಕೊಡಿ ಎಂದು ಅವರು ಕೇಳುವುದು ನ್ಯಾಯವಾದ ಮಾತು.

ದೂರು ಮಾತ್ರ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. “ಸ್ಕ್ರೀನ್ ಕಪ್ಪಾಗ್ತದೆ, ವಿಡಿಯೋ ತಡೆದು ತಡೆದು ಹೋಗ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸತು ಹಾಕಿ ಕೊಡಿ ಮಾರಾಯ್ರೆ.” ಯಾರೋ ಹಾಗೆ ಹೇಳಿ ಕಳಿಸಿರುತ್ತಾರೆ. ನಾನು ಡ್ರೈವರನ್ನು ಮೊದಲು ಮುಟ್ಟುವುದಿಲ್ಲ. ಯಾಕೆಂದು ಒಂದೊಂದಾಗಿ ಹೇಳುತ್ತೇನೆ.

1. ಕಾಯಿಲೆ ಯಾವುದೆಂದು ಗುರುತಿಸದೆ ಮದ್ದು ಕೊಡಬೇಡಿ

ಬಿಸಿಯಿಂದ ಬಳಲುವ ಯಂತ್ರ ಆನ್ ಮಾಡಿದಾಗ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಕೆಲಸ ಕೊಟ್ಟ ಮೇಲೆ ಫ್ಯಾನ್ ಕಿರುಚತೊಡಗುತ್ತದೆ, ಕೀಬೋರ್ಡಿನ ಒಂದು ಮೂಲೆ ಬೆರಳಿಡಲಾಗದಷ್ಟು ಕಾಯುತ್ತದೆ, ಎಲ್ಲವೂ ನಿಧಾನವಾಗುತ್ತದೆ, ಕೊನೆಗೆ ಹೇಳದೆ ಕೇಳದೆ ಆರಿಹೋಗುತ್ತದೆ. ಕೂಡಲೇ ಆನ್ ಮಾಡಿದರೆ ಮತ್ತೆ ಆರುತ್ತದೆ. ಅರ್ಧ ಗಂಟೆ ಬಿಟ್ಟು ಮಾಡಿದರೆ ಏಳುತ್ತದೆ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಲ್ಲಿಗೆ ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಳಿಸಿದರೂ ಬಿಸಿ ತಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತದೆ. ತಡೆದು ತಡೆದು ಹೋಗುವ ವಿಡಿಯೋ ಎಷ್ಟೋ ಸಲ ಈ ಇಳಿಸಿದ ವೇಗದ ಫಲ.

ಡ್ರೈವರ್ ಕೆಟ್ಟದ್ದು ತಣ್ಣಗಿರುವಾಗಲೂ ಕಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳುತ್ತದೆ, ಯಂತ್ರ ಆರುವುದಿಲ್ಲ. ವಿಂಡೋಸ್ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕೊಟ್ಟು ಎರಡು ಸೆಕೆಂಡು ಕಾಯುತ್ತದೆ. ಉತ್ತರ ಬರದಿದ್ದರೆ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಹೀಗಾದಾಗಲೆಲ್ಲ ಇವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯಡಿ ದಾಖಲೆ ಬೀಳುತ್ತದೆ. ಯಂತ್ರ ಥಟ್ಟನೆ ಆರಿದ್ದರೆ ಅಲ್ಲಿ ಕಾಣುವುದು 41.

ಮೂರನೆಯದು ಧೂಳಿನದ್ದೂ ಅಲ್ಲ, ಡ್ರೈವರಿನದ್ದೂ ಅಲ್ಲ. ವಿಂಡೋಸ್ ಶುರುವಾಗುವ ಮೊದಲೇ, ಬಯಾಸ್ ಪರದೆಯಲ್ಲೇ ಗೆರೆಗಳು ಕಂಡರೆ ದೋಷ ಹಾರ್ಡ್‌ವೇರಿನಲ್ಲಿದೆ. ಆಗ ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಪರದೆಯೋ ಅದರ ಪಟ್ಟಿ ಕೇಬಲ್ಲೋ ಹೋಗಿದೆ. ಅಲ್ಲೂ ಗೆರೆಗಳಿದ್ದರೆ ಚಿಪ್ ಹೋಗಿದೆ.

ಕಾದ ಚಿಪ್ ಕೂಡ ಸಮಯಕ್ಕೆ ಉತ್ತರ ಕೊಡದೆ ಅದೇ 4101 ಬರೆಸಬಹುದು. ಇದೇ ಕಾರಣಕ್ಕೆ ನಾನು ಮೊದಲು ಧೂಳು ತೆಗೆಯುವುದು. ಬಿಸಿ ತಗ್ಗಿದ ಮೇಲೂ 4101 ಉಳಿದರೆ ಆಗ ಡ್ರೈವರನ್ನು ಅನುಮಾನಿಸಬಹುದು. ತಲೆಕೆಳಗಾಗಿ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

2. ಯಂತ್ರ ಎಲ್ಲಿ ಕೂರುತ್ತದೆಂದು ಕೇಳಿ

ಮುಂಬೈಯಲ್ಲಿ ಧೂಳು ಒಂದೇ ಬಗೆಯದ್ದಲ್ಲ. ತಳದ ಮುಚ್ಚಳ ತೆಗೆದ ಕೂಡಲೇ ಮನೆಯೋ ಅಂಗಡಿಯೋ, ಹಳಿಯ ಪಕ್ಕವೋ ಕಡಲ ಪಕ್ಕವೋ ಎಂದು ಹೇಳಲು ಬರುತ್ತದೆ.

ನಮ್ಮವರ ಹೋಟೆಲುಗಳಿಂದ ಬರುವುದು ಅತಿ ಕಷ್ಟದ ಕೆಲಸ. ಗಲ್ಲಾ ಮತ್ತು ಕಾವಲಿಯ ನಡುವೆ ಹೆಚ್ಚು ದೂರವಿರುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ದೋಸೆ ಎಣ್ಣೆಯ ಆವಿ, ವಡೆಯ ಬಾಣಲೆಯ ಹೊಗೆ, ಇಡ್ಲಿ ಪಾತ್ರೆಯ ಹಬೆ. ಫ್ಯಾನ್ ಅದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಎಣ್ಣೆಯ ಮೇಲೆ ಧೂಳು ಕೂತರೆ ಅಂಟು ಜಿಡ್ಡಾಗುತ್ತದೆ. ಬ್ಲೋವರ್ ಹಿಡಿದರೆ ಅದು ಅಲುಗುವುದೂ ಇಲ್ಲ. ಅಂಥದ್ದಕ್ಕೆ ಫ್ಯಾನನ್ನು ಪೂರ್ತಿ ಬಿಚ್ಚಿ, ಎಲೆ ಎಲೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬ್ರಶ್ಶಿನಿಂದ ಒರೆಸಬೇಕು. ಹೋಟೆಲಿನ ಧಣಿಗಳಿಗೆ ನಾನು ಹೇಳುವುದು ಒಂದೇ: ಯಂತ್ರವನ್ನು ಕಾವಲಿಯ ಕಡೆಯಿಂದ ಬರುವ ಗಾಳಿಗೆ ಬೆನ್ನು ಮಾಡಿ ಇಡಬೇಡಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೆಟ್ಟ ದಿನವೇ ಸರಿ ಮಾಡಿಸಿ. ಅಲ್ಲಿ ದುಡಿಯುವ ಹುಡುಗರ ಎದೆಗೂ ಅದೇ ಹೊಗೆ ಹೋಗುತ್ತದೆ.

ಒಂದೇ ಖೋಲಿಯ ಮನೆಗಳಲ್ಲಿ ಅಡುಗೆ, ಓದು, ಪೂಜೆ, ನಿದ್ದೆ ಎಲ್ಲ ಹತ್ತಡಿಯೊಳಗೆ. ಊದಿನಕಡ್ಡಿಯ ಹೊಗೆ ಕಂದು ಪದರವಾಗಿ ಕೂರುತ್ತದೆ, ಹಾಸಿಗೆಯ ಹತ್ತಿಯ ಎಳೆಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಚಾಳಿನ ಪಡಸಾಲೆಯಲ್ಲಿ ಕೇರಂ ಆಡುವಲ್ಲಿಂದ ಬಂದ ಯಂತ್ರದಲ್ಲಿ ಬೋರಿಕ್ ಪುಡಿಯ ಬಿಳಿ ಕಂಡಿದ್ದೇನೆ. ಹಿಟ್ಟಿನ ಚಕ್ಕಿಯ ಮಗ್ಗುಲಿನ ಅಂಗಡಿಗಳಿಂದ ಬರುವುದರಲ್ಲಿ ಗೋಧಿ ಹಿಟ್ಟು. ಅದು ಮಳೆಗಾಲದಲ್ಲಿ ತೇವ ಹೀರಿ ಗಟ್ಟಿಯಾಗುತ್ತದೆ. ಲೋಕಲ್ ಹಳಿಗೆ ತಾಗಿದ ಮನೆಗಳ ಧೂಳು ಕಪ್ಪು. ಬ್ರೇಕು ಮತ್ತು ಗಾಲಿ ಸವೆದ ಕಬ್ಬಿಣದ ಕಣಗಳು ಅದರಲ್ಲಿ ಇರುವುದರಿಂದ ಬೋರ್ಡಿನ ಮೇಲೆ ಅದನ್ನು ಉಜ್ಜಬಾರದು, ಎತ್ತಿ ತೆಗೆಯಬೇಕು. ವರ್ಸೋವಾ, ಕಫ್ ಪರೇಡ್‌ನಂಥ ಕಡಲಂಚಿನ ಮನೆಗಳಲ್ಲಿ ಧೂಳಿಗಿಂತ ಉಪ್ಪುಗಾಳಿಯ ಕಾಟ ಹೆಚ್ಚು. ಸ್ಕ್ರೂಗಳ ತಲೆ ತುಕ್ಕು ಹಿಡಿದಿರುತ್ತದೆ, ಕನೆಕ್ಟರಿನ ಕಾಲುಗಳಲ್ಲಿ ಹಸಿರು ಮೂಡಿರುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ಬರುವುದು ಸಿಮೆಂಟ್ ಧೂಳು. ಹಳೆಯ ಬಿಲ್ಡಿಂಗುಗಳೆಲ್ಲ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ, ಮೆಟ್ರೋ ಕೆಲಸ ಊರಿಡೀ ನಡೆದಿದೆ. ಕೊಲಾಬಾದಿಂದ ಬಾಂದ್ರಾ ಮೂಲಕ ಸೀಪ್ಝ್‌ವರೆಗಿನ 33.5 ಕಿ.ಮೀ. ಸುರಂಗ ಮಾರ್ಗ ಪೂರ್ತಿ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಬೇರೆ ಮಾರ್ಗಗಳ ಕಂಬಗಳು ಇನ್ನೂ ಏಳುತ್ತಿವೆ. 2023ರ ಅಕ್ಟೋಬರ್‌ನಲ್ಲಿ ಈ ನಗರದ ಗಾಳಿ ಎಷ್ಟು ಕೆಟ್ಟಿತೆಂದರೆ ಬಾಂಬೆ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮಹಾನಗರ ಪಾಲಿಕೆ ಅದೇ ತಿಂಗಳು ಕಟ್ಟಡ ಕೆಲಸಗಳಿಗೆ ನಿಯಮ ಹೊರಡಿಸಿತು: ದೊಡ್ಡ ನಿವೇಶನಗಳ ಸುತ್ತ 35 ಅಡಿ ಎತ್ತರದ ತಗಡು, ಕಟ್ಟಡಕ್ಕೆ ಹಸಿರು ಬಟ್ಟೆಯ ಹೊದಿಕೆ, ನೀರಿನ ಸಿಂಪಡಣೆ. ನಿಮ್ಮ ಸೊಸೈಟಿಯ ಪಕ್ಕದಲ್ಲಿ ಅದು ನಡೆಯದಿದ್ದರೆ ವಾರ್ಡ್ ಆಫೀಸಿಗೆ ದೂರು ಕೊಡುವ ಹಕ್ಕು ನಿಮಗಿದೆ. ಸಿಮೆಂಟ್ ಧೂಳು ನುಣ್ಣಗಿರುತ್ತದೆ, ಫ್ಯಾನಿನ ಬೇರಿಂಗಿನೊಳಗೂ ಇಳಿಯುತ್ತದೆ. ಗರಗರ ಸದ್ದು ಬಂದ ಫ್ಯಾನಿಗೆ ಎಣ್ಣೆ ಬಿಟ್ಟು ಕಾಲ ತಳ್ಳುವುದಕ್ಕಿಂತ ಫ್ಯಾನನ್ನೇ ಬದಲಿಸುವುದು ಲೇಸು.

ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದರೆ ಆರು ತಿಂಗಳಿಗೊಮ್ಮೆ ಬಿಚ್ಚಿ ಶುಚಿ ಮಾಡಿ, ಹೋಟೆಲಿಗೂ ಅಷ್ಟೇ. ಉಳಿದವರಿಗೆ ವರ್ಷಕ್ಕೊಮ್ಮೆ ಸಾಕು.

3. ಫ್ಯಾನು ತಿರುಗುತ್ತದೆಂದರೆ ಗಾಳಿ ಹೋಗುತ್ತದೆಂದಲ್ಲ

“ಫ್ಯಾನ್ ಜೋರಾಗಿ ತಿರುಗ್ತಾ ಉಂಟಲ್ಲ ಅಂಕಲ್, ಮತ್ತೆ ಯಾಕೆ ಬಿಸಿ?” ಹುಡುಗರು ಕೇಳುವ ಪ್ರಶ್ನೆ ಇದು. ಪ್ರೊಸೆಸರಿನ ಮೇಲೆ ಕೂತ ತಾಮ್ರದ ಕೊಳವೆಯೊಳಗೆ ಒಂದಿಷ್ಟೇ ದ್ರವ ಇರುತ್ತದೆ. ಬಿಸಿಗೆ ಅದು ಆವಿಯಾಗಿ ಕೊಳವೆಯ ಇನ್ನೊಂದು ತುದಿಗೆ ಓಡುತ್ತದೆ, ಅಲ್ಲಿನ ತೆಳು ಲೋಹದ ರೆಕ್ಕೆಗಳ ನಡುವೆ ಫ್ಯಾನಿನ ಗಾಳಿ ತಾಗಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಆ ರೆಕ್ಕೆಗಳ ಸಂದುಗಳು ಒಂದು ಮಿಲಿಮೀಟರಿನ ಆಸುಪಾಸು. ಧೂಳು ಸೇರುವುದು ಫ್ಯಾನಿನ ಎಲೆಗಳಿಗಿಂತ ಹೆಚ್ಚಾಗಿ ಫ್ಯಾನು ಮತ್ತು ರೆಕ್ಕೆಗಳ ನಡುವೆ. ಬಿಚ್ಚಿ ನೋಡಿದರೆ ಹಳೆಯ ಕಂಬಳಿಯ ತುಂಡಿನಂತೆ ಒಂದು ಪಟ್ಟಿಯೇ ಎದ್ದು ಬರುತ್ತದೆ.

ಹೊರಗಿನಿಂದ ಗಾಳಿ ಊದಿದರೆ ಆ ಪಟ್ಟಿ ಹಿಂದಕ್ಕೆ ಸರಿದು ಫ್ಯಾನಿನೊಳಗೆ ಬೀಳುತ್ತದೆ. ನಾಲ್ಕು ದಿನ ಯಂತ್ರ ತಣ್ಣಗಿದ್ದಂತೆ ಕಂಡು, ಮತ್ತೆ ಪಟ್ಟಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಫ್ಯಾನನ್ನು ಬೇರ್ಪಡಿಸಿ ಪಟ್ಟಿಯನ್ನು ಚಿಮಟದಿಂದ ಎತ್ತಿ ತೆಗೆಯುವುದೇ ಸರಿಯಾದ ದಾರಿ.

ಬ್ಲೋವರ್ ಬಳಸುವುದಾದರೆ ಫ್ಯಾನಿನ ಎಲೆಯ ನಡುವೆ ಬಿದಿರಿನ ಕಡ್ಡಿ ಇಟ್ಟು ತಿರುಗದಂತೆ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ತಿರುಗುವ ಮೋಟಾರು ತಾನೇ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ಕಳಿಸುವ ಅಪಾಯವೂ ಇದೆ. ಗಾಡಿಗೆ ಗಾಳಿ ತುಂಬಿಸುವ ಅಂಗಡಿಯ ಕಂಪ್ರೆಸರ್ ಕೆಳಗೆ ಲ್ಯಾಪ್‌ಟಾಪ್ ಹಿಡಿಯುವವರಿದ್ದಾರೆ, ದಯವಿಟ್ಟು ಬೇಡ. ಆ ಗಾಳಿಯೊಂದಿಗೆ ನೀರಿನ ಹನಿಯೂ ಎಣ್ಣೆಯೂ ಬರುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿ ಬೋರ್ಡಿಗೆ ತಾಗಿದರೆ ಸ್ಥಾಯೀ ವಿದ್ಯುತ್ತಿನ ಭಯ.

4. ಬಿಚ್ಚುವ ಮೊದಲಿನ ಐದು ನಿಮಿಷ

ಡೆಲ್, ಲೆನೊವೊ, ಎಚ್‌ಪಿ ತಮ್ಮ ಎಷ್ಟೋ ಮಾದರಿಗಳ ಸರ್ವಿಸ್ ಮ್ಯಾನುವಲ್‌ಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿವೆ. ತಳದ ಸ್ಟಿಕ್ಕರಿನ ಸಂಖ್ಯೆ ಹಾಕಿದರೆ ಯಾವ ಸ್ಕ್ರೂ ಎಲ್ಲಿ, ಯಾವ ಮುಚ್ಚಳ ಮೊದಲು ಎಂದು ಚಿತ್ರಸಹಿತ ಸಿಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದ ಮೇಲೆ ಇಂಥ ಮಾಹಿತಿ ಹುಡುಕುವುದು ಇನ್ನಷ್ಟು ಸುಲಭವಾಗಿದೆ. ಕಂಪನಿಗಳಿಂದ ಬರುವ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಅವು ಬಿಚ್ಚಿ ಜೋಡಿಸುವವರನ್ನು ನೆನೆದು ಮಾಡಿದ ಯಂತ್ರಗಳು ಎಂಬ ಕಾರಣಕ್ಕೆ. ಕೆಲವು ತೆಳು ಮಾದರಿಗಳಲ್ಲಿ ಫ್ಯಾನ್ ತಲುಪಬೇಕಾದರೆ ಮದರ್‌ಬೋರ್ಡನ್ನೇ ಹೊರಗೆ ತೆಗೆಯಬೇಕು. ಅಂಥದ್ದನ್ನು ಮನೆಯಲ್ಲಿ ಶುರು ಮಾಡಬೇಡಿ.

ಚಾರ್ಜರ್ ತೆಗೆಯಿರಿ, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಬಿಳಿ ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದರದ್ದೇ ಜಾಗದಲ್ಲಿ ಇಡಿ. ಉದ್ದದ ಸ್ಕ್ರೂ ಗಿಡ್ಡನೆಯ ತೂತಿಗೆ ಹೋದರೆ ಕೈ ಇಡುವ ಜಾಗದಲ್ಲಿ ಮೊನೆ ಏಳುತ್ತದೆ, ಇಲ್ಲವೇ ಬೋರ್ಡ್ ತೂತಾಗುತ್ತದೆ. ಪಟ್ಟಿ ಕೇಬಲ್ಲಿನ ಬೀಗವನ್ನು ಉಗುರಿನಿಂದ ಮೆಲ್ಲನೆ ಎತ್ತಿ; ಎಳೆದು ಮುರಿದರೆ ಅದಕ್ಕೆ ಬಿಡಿಭಾಗ ಹುಡುಕುತ್ತ ಲ್ಯಾಮಿಂಗ್ಟನ್ ರೋಡಿನ ಗಲ್ಲಿಗಳಲ್ಲಿ ಅಲೆಯಬೇಕು.

ಟಚ್‌ಪ್ಯಾಡ್ ಮೇಲೆದ್ದಿದೆಯೇ? ತಳ ಉಬ್ಬಿದೆಯೇ? ಹಾಗಿದ್ದರೆ ಬ್ಯಾಟರಿ ಊದಿದೆ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ. ಅದು ಬೆಂಕಿ ಹಿಡಿಯುವ ವಸ್ತು. ಉಳಿದ ಕೆಲಸವೆಲ್ಲ ಬದಿಗಿಟ್ಟು ಮೊದಲು ಅದನ್ನು ಬದಲಿಸಿ.

5. ಪೇಸ್ಟ್ ಹೆಚ್ಚಾದರೆ ತಂಪು ಹೆಚ್ಚುವುದಿಲ್ಲ

ಹೀಟ್‌ಸಿಂಕ್ ಎತ್ತಿದ ಮೇಲೆ ಹಳೆಯ ಥರ್ಮಲ್ ಪೇಸ್ಟಿನ ಮೇಲೆಯೇ ಅದನ್ನು ಮತ್ತೆ ಕೂರಿಸಬಾರದು. ಒಣಗಿ ಪುಡಿಯಾದ ಪೇಸ್ಟನ್ನು ಐಸೊಪ್ರೊಪೈಲ್‌ನಿಂದ ಒರೆಸಿ ತೆಗೆದು, ಹೊಸತನ್ನು ಚಿಪ್‌ನ ಮೇಲೆ ಹೆಸರುಕಾಳಿನಷ್ಟು ಇಟ್ಟರೆ ಸಾಕು. ಲೋಹ ಮತ್ತು ಚಿಪ್‌ನ ನಡುವಿನ ಕಣ್ಣಿಗೆ ಕಾಣದ ಗಾಳಿಯ ಜಾಗ ತುಂಬುವುದಷ್ಟೇ ಅದರ ಕೆಲಸ. ಲ್ಯಾಪ್‌ಟಾಪ್ ಚಿಪ್‌ಗೆ ಡೆಸ್ಕ್‌ಟಾಪಿನದರಂತೆ ಮೇಲೊಂದು ಲೋಹದ ಮುಚ್ಚಳ ಇರುವುದಿಲ್ಲ. ಒಂದು ಮೂಲೆಯ ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಚಿಪ್‌ನ ಅಂಚು ಸೀಳುತ್ತದೆ. ಹೀಟ್‌ಸಿಂಕಿನ ಮೇಲೆ 1, 2, 3, 4 ಎಂದು ಕೊರೆದಿರುವುದು ಅದಕ್ಕೇ. ಆ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ.

ಗ್ರಾಫಿಕ್ಸ್ ಚಿಪ್‌ನ ಪಕ್ಕದ ಮೆಮೊರಿಯ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತದೆ. ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. ಪ್ಯಾಡಿನ ಜಾಗಕ್ಕೆ ಪೇಸ್ಟ್ ಮೆತ್ತುವ ಪದ್ಧತಿ ಬಜಾರಿನಲ್ಲಿದೆ. ಅರ್ಧ ಮಿಲಿಮೀಟರಿಗೂ ಮೀರಿದ ಸಂದನ್ನು ಪೇಸ್ಟ್ ತುಂಬಲಾರದು. ಮೆಮೊರಿ ಬೆಂದು ಪರದೆಯಲ್ಲಿ ಚುಕ್ಕೆಗಳು ಶುರುವಾಗುತ್ತವೆ.

6. ಮಳೆಗಾಲ ಮತ್ತು ಲೋಕಲ್

ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯ ತೇವ ಶೇ. 80 ದಾಟುವುದು ಮಾಮೂಲು. ಧೂಳು ಆ ತೇವ ಹೀರಿ ಅಂಟಿಕೊಳ್ಳುತ್ತದೆ. ಆದ್ದರಿಂದ ಬಿಚ್ಚಿ ಶುಚಿ ಮಾಡುವ ಕೆಲಸವನ್ನು ಮೇ ತಿಂಗಳಲ್ಲಿ ಮುಗಿಸಿಕೊಳ್ಳಿ. ಎ.ಸಿ. ಆಫೀಸಿನಿಂದ ಮಳೆಗೆ ಹೊರಬಿದ್ದ ಯಂತ್ರದೊಳಗೆ ಬೆವರು ಕಟ್ಟುತ್ತದೆ. ಮನೆಗೆ ಬಂದ ಕೂಡಲೇ ಆನ್ ಮಾಡದೆ ಸ್ವಲ್ಪ ಹೊತ್ತು ಬಿಡಿ. ನೆಲಮಹಡಿಯವರು ಯಂತ್ರವನ್ನು ನೆಲದಲ್ಲಿ ಇಡಲೇಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದು ಮುಳುಗಿದ ಊರು ಇದು.

ಸ್ಲೀಪಿನಲ್ಲಿಟ್ಟ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ವಿರಾರ್ ಫಾಸ್ಟ್ ಹತ್ತಬೇಡಿ. ಗಾಳಿಯಾಡದ ಬ್ಯಾಗಿನೊಳಗೆ ಅದು ಎಚ್ಚರಗೊಂಡರೆ ಇಳಿಯುವ ಹೊತ್ತಿಗೆ ಬೆಂದಿರುತ್ತದೆ. ಶಟ್‌ಡೌನ್ ಮಾಡಿ ಹೊರಡಿ.

7. ಸ್ಟಿಕ್ಕರ್ ನಂಬಬೇಡಿ, ಚಿಪ್‌ನ ತಲೆಮಾರು ನೋಡಿ

ಈಗ ಡ್ರೈವರಿಗೆ ಬರೋಣ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದರೆ ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಲ್ಲಿ ಎರಡು ಹೆಸರು ಕಾಣುತ್ತವೆ: ಇಂಟೆಲ್ ಒಂದು, ಎನ್‌ವಿಡಿಯಾ ಅಥವಾ ಎಎಂಡಿ ಇನ್ನೊಂದು. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಮಾತ್ರ ಇದ್ದರೆ ಅಸಲು ಡ್ರೈವರೇ ಕೂತಿಲ್ಲ. ಆಗ ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ ಸಂಖ್ಯೆ 8086 ಎಂದರೆ ಇಂಟೆಲ್, 10ಡಿಇ ಎಂದರೆ ಎನ್‌ವಿಡಿಯಾ, 1002 ಎಂದರೆ ಎಎಂಡಿ.

ಹೆಸರಿನ ಸಂಖ್ಯೆ ದೊಡ್ಡದಿದ್ದರೆ ಚಿಪ್ ಹೊಸದೆಂದಲ್ಲ. 2014ರ ಸುಮಾರಿಗೆ ನಮ್ಮಲ್ಲಿ ಬಹಳ ಮಾರಾಟವಾದ ಜೀಫೋರ್ಸ್ 820ಎಂ ಒಳಗಿರುವುದು 2010ರಲ್ಲಿ ಬಂದ ಫರ್ಮಿ ತಲೆಮಾರು. 920ಎಂ ಕೆಪ್ಲರ್, ಕೊನೆಗೆ ಒಂದು ಎಕ್ಸ್ ಸೇರಿಸಿದ 920ಎಂಎಕ್ಸ್ ಮ್ಯಾಕ್ಸ್‌ವೆಲ್. ಯಾವ ಡ್ರೈವರ್ ಕೊನೆಯದೆಂದು ತೀರ್ಮಾನವಾಗುವುದು ಈ ತಲೆಮಾರಿನಿಂದ. ಫರ್ಮಿಗೆ 2018ರ ಏಪ್ರಿಲ್‌ನಲ್ಲಿ ಹೊಸ ಡ್ರೈವರ್ ನಿಂತಿತು, ಅದಕ್ಕೆ 391.35 ಸಾಕು. ಲ್ಯಾಪ್‌ಟಾಪಿನ ಕೆಪ್ಲರ್ ಚಿಪ್‌ಗಳಿಗೆ 2019ರ ಏಪ್ರಿಲ್‌ನ 425.31ರಲ್ಲಿ ಮಾಮೂಲು ಅಪ್‌ಡೇಟ್ ಮುಗಿಯಿತು. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್‌ಗೆ 2025ರ ಅಕ್ಟೋಬರ್ ಕೊನೆ. ಭದ್ರತೆಯ ತೇಪೆಗಳು ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತವೆ. ಎಎಂಡಿ 2021ರ ಜೂನ್‌ನಲ್ಲಿ ರೇಡಿಯಾನ್ ಎಚ್‌ಡಿ 7000, 200, 300 ಸರಣಿಗಳ ಚಿಪ್‌ಗಳನ್ನು ಹಳೆಯವುಗಳ ಪಟ್ಟಿಗೆ ಸೇರಿಸಿತು. ಇಂಟೆಲ್ 2022ರ ಜುಲೈಯಿಂದ 6ರಿಂದ 10ನೇ ಪೀಳಿಗೆಯವರೆಗಿನ ಗ್ರಾಫಿಕ್ಸ್‌ಗೆ ದೋಷ ಸರಿಪಡಿಸುವುದಕ್ಕಷ್ಟೇ ಕೈ ಹಾಕುತ್ತಿದೆ.

ಅಂದರೆ ನಿಮ್ಮ ಹತ್ತು ವರ್ಷದ ಯಂತ್ರಕ್ಕೆ ಈ ತಿಂಗಳ ಡ್ರೈವರ್ ಎಂಬುದು ಲೋಕದಲ್ಲೇ ಇಲ್ಲದಿರಬಹುದು. ಎಲ್ಲಿಂದಲೋ ಇಳಿಸಿಕೊಡುತ್ತೇನೆ ಎನ್ನುವ ಉಚಿತ ಅಪ್‌ಡೇಟರ್ ತಂತ್ರಾಂಶಗಳನ್ನು ದೂರವಿಡಿ. ಅವು ಹೊಂದದ ಡ್ರೈವರ್ ತುರುಕುತ್ತವೆ, ಜೊತೆಗೆ ಜಾಹೀರಾತನ್ನೂ ಒಳಬಿಡುತ್ತವೆ. ಅವನ್ನು ಕಿತ್ತುಹಾಕುವುದೇ ಈ ಕಸುಬಿನಲ್ಲಿ ಒಂದು ದೊಡ್ಡ ಕೆಲಸವಾಗಿದೆ.

8. ಹೊಸದನ್ನು ಹಾಕುವ ಮೊದಲು ಹಿಂದಿರುಗುವ ದಾರಿ ಇಟ್ಟುಕೊಳ್ಳಿ

ಈಗ ಯಾವ ಆವೃತ್ತಿ ಕೂತಿದೆಯೋ ಅದನ್ನು ಬರೆದಿಡಿ. ರಿಸ್ಟೋರ್ ಪಾಯಿಂಟ್ ಮಾಡಿ. ಹೊಸ ಡ್ರೈವರ್, ಹಳೆಯ ಡ್ರೈವರ್, ವೈಫೈ ಡ್ರೈವರ್ ಮೂರನ್ನೂ ಒಂದು ಪೆನ್‌ಡ್ರೈವಿನಲ್ಲಿ ಇರಿಸಿ. ಬ್ಯಾಟರಿ ಸತ್ತ ಯಂತ್ರದಲ್ಲಿ, ಕರೆಂಟ್ ಹೋಗಿ ಬರುವ ಮಳೆಯ ರಾತ್ರಿ ಅಪ್‌ಡೇಟಿಗೆ ಕೈ ಹಾಕಬೇಡಿ; ಬಯಾಸ್ ಅಪ್‌ಡೇಟ್ ಅಂತೂ ಖಂಡಿತ ಬೇಡ. ಅದು ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದಿಲ್ಲ.

ಮೊದಲು ಲ್ಯಾಪ್‌ಟಾಪ್ ತಯಾರಕರ ಪುಟದ ಡ್ರೈವರನ್ನೇ ಹಾಕಿ. ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಎರಡು ಚಿಪ್‌ಗಳ ನಡುವಿನ ಅದಲುಬದಲು, ಎಚ್‌ಡಿಎಂಐ ಸದ್ದು ಇವೆಲ್ಲ ಅದಕ್ಕೆ ಹೊಂದಿಸಿರುತ್ತವೆ. ಅದರಿಂದ ತೊಂದರೆ ನೀಗದಿದ್ದರೆ ಮಾತ್ರ ಚಿಪ್ ಕಂಪನಿಯ ಸ್ವಂತ ಡ್ರೈವರ್. ಎರಡು ಚಿಪ್ ಇದ್ದಲ್ಲಿ ಮೊದಲು ಇಂಟೆಲ್ ಹಾಕಿ, ಆಮೇಲೆ ಎನ್‌ವಿಡಿಯಾ. ಪರದೆಯ ತಂತಿ ಇರುವುದು ಸಾಮಾನ್ಯವಾಗಿ ಇಂಟೆಲ್ ಕೈಯಲ್ಲಿ. ಹಾಕಿದ ಮೇಲೆ ಕೆಟ್ಟರೆ ಡಿವೈಸ್ ಮ್ಯಾನೇಜರಿನ ರೋಲ್ ಬ್ಯಾಕ್ ಒತ್ತಿ. ಅದೂ ಕೈಕೊಟ್ಟರೆ, ಇಂಟರ್ನೆಟ್ ಕಡಿದು, ಸೇಫ್ ಮೋಡಿಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್‌ನಿಂದ ಬೇರುಸಹಿತ ತೆಗೆದು ಹಳೆಯದನ್ನು ಕೂರಿಸಿ. ಇಂಟರ್ನೆಟ್ ಕಡಿಯುವುದು ಮುಖ್ಯ. ಇಲ್ಲದಿದ್ದರೆ ಮುಗಿಸುವ ಮೊದಲೇ ವಿಂಡೋಸ್ ತನ್ನದೊಂದನ್ನು ತಂದು ಹಾಕಿಬಿಡುತ್ತದೆ.

ಸಂಘದ ಕಾರ್ಯಕರ್ತರಿಗೆ ಒಂದು ಮಾತು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಾಗಲಿ, ಕುರ್ಲಾದ ಬಂಟರ ಭವನದಲ್ಲಾಗಲಿ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಾಗಲಿ ನಾಳೆ ಕಾರ್ಯಕ್ರಮ ಇದೆಯೆಂದರೆ ಇಂದು ಡ್ರೈವರ್ ಮುಟ್ಟಬೇಡಿ. ಸರಿಯಾಗಿ ಪ್ರೊಜೆಕ್ಟರಿಗೆ ಹೋಗುತ್ತಿದ್ದ ಚಿತ್ರ ಹೊಸ ಡ್ರೈವರಿನಿಂದ ಅಳತೆ ತಪ್ಪುವುದುಂಟು. ಸಭೆ ತುಂಬಿದ ಮೇಲೆ ಅದನ್ನು ಸರಿ ಮಾಡಲು ಸಮಯವಿರುವುದಿಲ್ಲ.

9. ವಿಡಿಯೋ ತಡೆಯುವುದಕ್ಕೆ ಡ್ರೈವರಿನಲ್ಲಿ ಮದ್ದಿಲ್ಲದಿರಬಹುದು

ಹೆಚ್ಚಿನವರಿಗೆ ತಿಳಿಯದ ಸಂಗತಿ ಇದು. ಯೂಟ್ಯೂಬ್ ಈಗ ವಿಡಿಯೋಗಳನ್ನು ಹೆಚ್ಚಾಗಿ ವಿಪಿ9, ಎವಿ1 ಎಂಬ ಬಗೆಯಲ್ಲಿ ಕಳಿಸುತ್ತದೆ. ವಿಪಿ9 ಬಿಡಿಸುವ ಪೂರ್ಣ ಸರ್ಕ್ಯೂಟ್ ಇಂಟೆಲ್ ಚಿಪ್‌ನೊಳಗೆ ಬಂದದ್ದು 7ನೇ ಪೀಳಿಗೆಯಲ್ಲಿ, ಎವಿ1ನದ್ದು 11ನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಆ ಹೊರೆಯೆಲ್ಲ ಪ್ರೊಸೆಸರಿನ ತಲೆಯ ಮೇಲೆ. ಅದು ಕಾಯುತ್ತದೆ, ಫ್ಯಾನ್ ಕಿರುಚುತ್ತದೆ, ವಿಡಿಯೋ ತಡೆಯುತ್ತದೆ. ಇಲ್ಲದ ಸರ್ಕ್ಯೂಟನ್ನು ಯಾವ ಡ್ರೈವರೂ ತಂದುಕೊಡಲಾರದು. ಎಚ್.264 ಬಗೆ ಮಾತ್ರ ಆ ಹಳೆಯ ಚಿಪ್‌ಗಳಿಗೂ ಬರುತ್ತದೆ. ಬ್ರೌಸರಿಗೆ ಎಚ್264ಇಫೈ ಎಂಬ ಸಣ್ಣ ಎಕ್ಸ್‌ಟೆನ್ಷನ್ ಸೇರಿಸಿದರೆ ಯೂಟ್ಯೂಬ್ ಆ ಬಗೆಯಲ್ಲೇ ಕಳಿಸುತ್ತದೆ. ಹತ್ತು ನಿಮಿಷದ ಕೆಲಸ. ಆನ್‌ಲೈನ್ ಪಾಠ ಕೇಳುವ ಮಕ್ಕಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಪರದೆ ಬ್ರೌಸರಿನಲ್ಲಿ ಮಾತ್ರ ಮಿನುಗುತ್ತಿದ್ದರೆ ಅದರ ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಿ ನೋಡಿ.

10. ಚಿಪ್‌ಗೆ ಹೀಟ್ ಕೊಡಿಸುವುದು ದುರಸ್ತಿಯಲ್ಲ

ಗ್ರಾಫಿಕ್ಸ್ ಚಿಪ್ ಸತ್ತ ಬೋರ್ಡಿಗೆ ಬಿಸಿಗಾಳಿಯ ಗನ್ ಹಿಡಿದು ಎಬ್ಬಿಸುವವರು ಬಜಾರಿನಲ್ಲಿದ್ದಾರೆ. ಎದ್ದೇಳುತ್ತದೆ, ಹೌದು. ಕೆಲವು ವಾರಗಳಲ್ಲಿ ಮತ್ತೆ ಮಲಗುತ್ತದೆ. ಚಿಪ್ ಮತ್ತು ಅದರ ತಳಹಲಗೆಯ ನಡುವಿನ ಕಣ್ಣಿಗೆ ಕಾಣದ ಬೆಸುಗೆಗಳು ಕಾಯುತ್ತ ತಣಿಯುತ್ತ ಬಿರುಕು ಬಿಟ್ಟಿರುತ್ತವೆ. ಗನ್ನಿನ ಬಿಸಿ ಅವನ್ನು ತಾತ್ಕಾಲಿಕವಾಗಿ ತಾಗಿಸುತ್ತದೆ ಅಷ್ಟೇ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಈ ಜೋಡಣೆಯ ವಸ್ತು ದುರ್ಬಲವೆಂದು ಪ್ರಕಟಿಸಿ, ಅದರ ವೆಚ್ಚಕ್ಕೆ 19.6 ಕೋಟಿ ಡಾಲರ್ ಲೆಕ್ಕ ಹಿಡಿಯಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಚಿಪ್‌ನಲ್ಲೇ ತಪ್ಪಿದ ಬೆಸುಗೆಯನ್ನು ಮೇಜಿನ ಮೇಲಿನ ಗನ್ ಸರಿಪಡಿಸಲಾರದು. ಚಿಪ್‌ನ ಆಯುಷ್ಯ ತಿನ್ನುವುದು ಈ ಕಾಯುವ–ತಣಿಯುವ ಸುತ್ತು. ರೆಕ್ಕೆಗಳ ಧೂಳು ತೆಗೆದಾಗಲೆಲ್ಲ ಆ ಸುತ್ತಿನ ಏರಿಳಿತ ತಗ್ಗುತ್ತದೆ.

ಎರಡು ಚಿಪ್ ಇದ್ದ ಯಂತ್ರದಲ್ಲಿ ಎನ್‌ವಿಡಿಯಾ ಸತ್ತಿದ್ದು ಇಂಟೆಲ್ ಚೆನ್ನಾಗಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ತೋರಿಸುವ ಆ ಚಿಪ್ಪನ್ನು ಡಿಸೇಬಲ್ ಮಾಡಿ ಇಂಟೆಲ್‌ನಲ್ಲೇ ಓಡಿಸಿ. ಬಿಲ್ಲು, ಟ್ಯಾಲಿ, ಪುಟ ಕಟ್ಟುವುದು, ಪಾಠ ಕೇಳುವುದು ಎಲ್ಲಕ್ಕೂ ಅದು ಧಾರಾಳ.

11. ಯಂತ್ರಕ್ಕೆ ಮುಂದೇನು

ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8ನೇ ಪೀಳಿಗೆಗಿಂತ ಹಳೆಯ ಇಂಟೆಲ್ ಯಂತ್ರಗಳನ್ನು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ವಿಂಡೋಸ್ 11 ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಳ್ಳದಿದ್ದರೆ ಯಂತ್ರ ಸತ್ತಂತಲ್ಲ. ಇಂಟೆಲ್ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದರೆ ಗ್ರಾಫಿಕ್ಸ್ ಡ್ರೈವರ್ ಅದರೊಳಗೇ ಇರುತ್ತದೆ, ಕನ್ನಡ ಯೂನಿಕೋಡ್ ಕೀಲಿಮಣೆಯೂ ಇರುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಓದುವ ಮಕ್ಕಳಿಗೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಸಾಗುತ್ತದೆ. ಹಳೆಯ ಫಾಂಟಿನ ಪುಟಗಳಿಗಾಗಿ ವಿಂಡೋಸ್ ಉಳಿಸಿಕೊಳ್ಳಲೇಬೇಕಾದವರು ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಇಂಟರ್ನೆಟ್ ಕಡಿದೇ ಇಡಿ, ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲೂ ಇಡಿ. ಬಿಡುವಿದ್ದಾಗ ಒಂದೊಂದೇ ಸಂಚಿಕೆಯನ್ನು ಯೂನಿಕೋಡ್‌ಗೆ ತರುತ್ತ ಬನ್ನಿ. ಮುಂಬೈ ಕನ್ನಡಿಗರು ಬರೆದ ಎಷ್ಟೋ ಲೇಖನಗಳು ಆ ಡಿಸ್ಕುಗಳಲ್ಲಿ ಮಾತ್ರ ಇವೆ.

ನಿಮ್ಮ ಮನೆಯ ಕಪಾಟಿನಲ್ಲಿ ಕೆಟ್ಟಿತೆಂದು ಇಟ್ಟ ಲ್ಯಾಪ್‌ಟಾಪ್ ಇದ್ದರೆ ಭಂಗಾರ್‌ವಾಲಾನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ತಳ ಬಿಚ್ಚಿಸಿ ಧೂಳು ತೆಗೆಸಿ, ಪೇಸ್ಟ್ ಬದಲಿಸಿ, ಅದರ ತಲೆಮಾರಿಗೆ ಹೊಂದುವ ಡ್ರೈವರ್ ಹಾಕಿಸಿ ನೋಡಿ. ಎದ್ದು ನಡೆದರೆ ನಿಮ್ಮ ಬಿಲ್ಡಿಂಗಿನಲ್ಲೇ ಅದನ್ನು ಕಾಯುತ್ತಿರುವ ವಿದ್ಯಾರ್ಥಿ ಇರುತ್ತಾನೆ, ಅವನಿಗೆ ಕೊಡಿ. ಏಳದಿದ್ದರೆ ಡಿಸ್ಕ್ ತೆಗೆದಿಟ್ಟುಕೊಂಡು, ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೇ ಒಪ್ಪಿಸಿ.